ಗುಳ್ಳೆ ತೆಗೆಯುವ ಕೆಲಸ

"ಮನೇಲಿ ಯಾರಾದ್ರೂ ಪೇಂಟು, ಅಂಟು, ಕೆಮಿಕಲ್, ಅಂಥದ್ದೇನಾದ್ರೂ ಬಳಸ್ತೀರಾ?" ಎಂದು ಎದೆರೋಗದ ಡಾಕ್ಟರು ಕೇಳಿದಾಗ ಪುಟ್ಟಿ ಉತ್ತರ ಹೇಳಲೆಂದೇ ಬಾಯಿ ತೆರೆದಿದ್ದಳು. ಅಷ್ಟರಲ್ಲಿ ಗಾಲಿಕುರ್ಚಿಯಲ್ಲಿದ್ದ ಅಮ್ಮ, "ಅಯ್ಯೋ, ನಮ್ಮನೆ ಗೋಡೆ ಪೇಂಟು ಕಂಡೇ ಹತ್ತು ವರ್ಷ ಆಯ್ತು ಡಾಕ್ಟ್ರೇ," ಎಂದುಬಿಟ್ಟಳು. ಡಾಕ್ಟರು ನಕ್ಕು, ಕಾಗದದ ಮೇಲೆ 'ಇಲ್ಲ' ಎಂದು ಬರೆದುಕೊಂಡರು. ಪುಟ್ಟಿ ಬಾಯಿ ಮುಚ್ಚಿಕೊಂಡಳು.

ಪುಟ್ಟಿ ಎಂದರೆ ಯಾರೋ ಎರಡು ಜಡೆಯ ಹುಡುಗಿ ಅಂದುಕೊಳ್ಳಬೇಡಿ. ವಯಸ್ಸು ನಲವತ್ತಾರು, ಕಿವಿಯ ಪಕ್ಕ ಕೂದಲು ನೆರೆತಿದೆ, ಮಂಡಿ ಮಡಚಿದರೆ ಲಟಕ್ ಎನ್ನುತ್ತದೆ. ಹುಟ್ಟಿದಾಗ ಅಮ್ಮ ಕರೆದದ್ದು ಹಾಗೇ ಉಳಿದುಕೊಂಡಿತು, ಅಷ್ಟೆ. ಇಪ್ಪತ್ತು ವರ್ಷ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಮಾಡಿದಳು. ಗಂಡ ಎನ್ನಿಸಿಕೊಂಡವನು ಎಂದೋ ಕೈಕೊಟ್ಟು ಹೋಗಿದ್ದ, ಅವನ ಮಾತು ಇಲ್ಲಿ ಬೇಡ. ಮೂರು ವರ್ಷದ ಹಿಂದೆ ಅಮ್ಮ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಾಗ, ಅವಳನ್ನು ಯಾರು ನೋಡಿಕೊಳ್ಳಬೇಕು ಎಂಬ ಪ್ರಶ್ನೆ ಎದ್ದಿತು. ಅಕ್ಕನ ಮನೆ ದೊಡ್ಡದು, ಬಾಗಿಲು ಮಾತ್ರ ಚಿಕ್ಕದು. ಪುಟ್ಟಿ ಅಂಗಡಿ ಬಿಟ್ಟು ಮನೆಯಲ್ಲಿ ಕುಳಿತಳು.

ಸುಮ್ಮನೆ ಕುಳಿತರೆ ತಲೆ ಕೆಡುತ್ತದಲ್ಲ. ಫೋನಿನಲ್ಲಿ ಅದೂ ಇದೂ ನೋಡುತ್ತ ನೋಡುತ್ತ ರೆಸಿನ್ ಎಂಬ ಪಾರದರ್ಶಕ ಅಂಟಿನೊಳಗೆ ಹೂವು ಕೂಡಿಸುವುದು ಅವಳ ಕಣ್ಣಿಗೆ ಬಿತ್ತು. ಎರಡು ಬಾಟಲಿ. ಒಂದರಲ್ಲಿ ಜೇನಿನಷ್ಟು ಮಂದವಾದ ರೆಸಿನ್, ಇನ್ನೊಂದರಲ್ಲಿ ಅದನ್ನು ಗಟ್ಟಿ ಮಾಡುವ ಹಾರ್ಡನರ್. ತೂಕ ಹಾಕಿ, ಎರಡಕ್ಕೆ ಒಂದರಂತೆ ಬೆರೆಸಿ, ನಿಧಾನವಾಗಿ ಕಲಕಿ, ಸಿಲಿಕೋನ್ ಅಚ್ಚಿಗೆ ಅರ್ಧ ಸುರಿಯಬೇಕು. ಅದು ಅಂಟಂಟಾದ ಮೇಲೆ ಒಣಗಿಸಿದ ಹೂವನ್ನು ಮುಖ ಮೇಲೆ ಮಾಡಿ ಮಲಗಿಸಿ, ಮಿಕ್ಕರ್ಧ ಸುರಿಯಬೇಕು. ಎರಡು ದಿನ ಬಿಟ್ಟು ಅಚ್ಚು ಸುಲಿದರೆ ನೀರು ನಿಂತಲ್ಲೇ ಕಲ್ಲಾದಂತೆ ಒಂದು ಗಟ್ಟಿ, ನಡುವೆ ಹೂವು. ಬದುಕಿಡೀ ಗಾಜು ಉಜ್ಜಿದ ಕೈಗೆ ಅದರ ಅಂಚು ನಯ ಮಾಡುವುದು ಎಡಗೈ ಕೆಲಸ. ಮೊದಲ ಗಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಪುಟ್ಟಿಗೆ ಅಳು ಬಂದಿತ್ತು. ಅಷ್ಟು ವರ್ಷ ಬೇರೆಯವರಿಗೆ ಜಗತ್ತು ಕಾಣಿಸಲೆಂದು ಗಾಜು ಉಜ್ಜಿದವಳಿಗೆ, ಜನ ತಾನು ಉಜ್ಜಿದ್ದನ್ನೇ ನೋಡುವುದು ಹೊಸದಾಗಿತ್ತು.

ಜನ ಬರತೊಡಗಿದರು. ಮದುವೆಯ ಹೂಗುಚ್ಛ ತಂದರು, ಮಗು ಹುಟ್ಟಿದ ದಿನ ಆಸ್ಪತ್ರೆಗೆ ಯಾರೋ ಕೊಟ್ಟ ಗುಲಾಬಿ ತಂದರು, ಸತ್ತ ಗಂಡ ಕೊನೆಯ ಸಲ ನೀರು ಹಾಕಿದ ಗಿಡದ ಹೂವು ತಂದರು. ಪುಟ್ಟಿ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದಳು. "ಕಿತ್ತ ದಿನವೇ ತನ್ನಿ. ತೇವ ಹೀರೋ ಮರಳಲ್ಲಿ ವಾರ ಹೂತಿಡಬೇಕು. ಒಂದು ಹನಿ ನೀರು ಉಳಿದರೂ ಒಳಗೇ ಕೊಳೆಯುತ್ತೆ, ಆಮೇಲೆ ನನ್ನನ್ನ ಬೈಬೇಡಿ."

ಕಷ್ಟ ಶುರುವಾದದ್ದು ಮೊದಲ ಚಳಿಗಾಲದಲ್ಲಿ. ರೆಸಿನ್ನಿಗೆ ಚಳಿ ಆಗದು. ಕೋಣೆ ತಣ್ಣಗಿದ್ದರೆ ಅದು ಗಟ್ಟಿಯಾಗದೆ ಹಟ ಹಿಡಿದು ಕೂರುತ್ತದೆ, ಮುಟ್ಟಿದರೆ ಬೆರಳಚ್ಚು ಬೀಳುತ್ತದೆ. ಪುಟ್ಟಿ ಕೆಲಸ ಮಾಡುತ್ತಿದ್ದದ್ದು ಹಿಂದಿನ ತಗಡಿನ ಕೋಣೆಯಲ್ಲಿ, ಅಲ್ಲಿ ನೀರು ಹೆಪ್ಪುಗಟ್ಟದಿದ್ದದ್ದೇ ಪುಣ್ಯ. ಒಬ್ಬ ಮದುಮಗಳ ಇಡೀ ಹೂಗುಚ್ಛ ಅಂಟಾಗಿ ಕುಳಿತ ದಿನ ಅವಳು ಅಮ್ಮನ ಮಂಚದ ಕೊನೆಯಲ್ಲಿ ತಲೆ ಮೇಲೆ ಕೈ ಹೊತ್ತು ಕುಳಿತಳು.

"ಇಲ್ಲೇ ತಂದಿಡೇ," ಎಂದಳು ಅಮ್ಮ. "ಈ ಕೋಣೆ ಒಲೆ ಇದ್ದ ಹಾಗಿದೆ. ಹೀಟರ್ ಹೇಗೂ ದಿನವೆಲ್ಲ ಉರೀತಿರುತ್ತೆ, ಕಿಟಕಿ ತೆಗೆದ್ರೆ ನನ್ನ ಸೊಂಟ ಕಿರಿಚುತ್ತೆ. ನನ್ನ ಜೊತೆ ನಿನ್ನ ಹೂವೂ ಬೆಚ್ಚಗೆ ಬಿದ್ದಿರಲಿ."

ತಂದಿಟ್ಟಳು. ಮೊದಲು ಬೀರುವಿನ ಮೇಲೆ ಎರಡು ಅಚ್ಚು, ಆಮೇಲೆ ಮಂಚದ ಪಕ್ಕದ ಮೇಜಿನ ಮೇಲೆ ನಾಲ್ಕು. ಕೊನೆಗೆ ಸುರಿಯುವುದು, ಕಲಕುವುದು, ಎಲ್ಲವೂ ಅಲ್ಲೇ ಆಯಿತು. ಚಾವಣಿಯ ತೊಲೆ ಎಣಿಸುತ್ತ ಮಲಗಿದ್ದ ಅಮ್ಮನಿಗೆ ಜೀವ ಬಂದಂತಾಯಿತು. ಪೊರೆ ತೆಗೆಸಿಕೊಂಡ ಕಣ್ಣು, ಹದ್ದಿನ ಕಣ್ಣು. "ಅಲ್ಲೊಂದು ಗುಳ್ಳೆ. ಅಲ್ಲ ಕಣೇ, ಎಡಗಡೆ, ಎಲೆ ಕೆಳಗೆ," ಎಂದು ಮಂಚದಿಂದಲೇ ಹುಕುಂ ನಡೆಸುತ್ತಿದ್ದಳು. ನೋಡಲು ಬಂದವರು ಕೈ ಚಾಚಿದರೆ, "ಮುಟ್ಟಬೇಡಿ, ಇನ್ನೂ ಹಸಿ," ಎಂದು ಗದರುತ್ತಿದ್ದಳು. ನೆರೆಯವರು ಅವಳಿಗೆ ಮ್ಯಾನೇಜರಮ್ಮ ಎಂದು ಹೆಸರಿಟ್ಟರು.

ಗುಳ್ಳೆಗೆ ಒಂದು ಉಪಾಯವಿದೆ. ಸುರಿದ ಕೂಡಲೇ ಹತ್ತಿರದಿಂದ ಬಿಸಿ ಉಸಿರು ಬಿಟ್ಟರೆ ಮೇಲೆ ಬಂದ ಗುಳ್ಳೆಗಳು ಪಟಪಟನೆ ಒಡೆಯುತ್ತವೆ. ಬಾಯಿಂದ ನೇರ ಊದಿದರೆ ಎಂಜಲು ಬೀಳಬಹುದು, ಅದಕ್ಕೇ ಕುಡಿಯುವ ಸ್ಟ್ರಾ ಕೊಳವೆಯಿಂದ ಊದಬೇಕು. ಪುಟ್ಟಿ ಒಂದು ಸಲ ಹೀಗೆ ಮಾಡುವುದನ್ನು ನೋಡಿದ ಅಮ್ಮ, "ಕೊಡಿಲ್ಲಿ, ಸೊಂಟ ಹೋದ್ರೇನು, ನನಗೆ ಉಸಿರಿಲ್ವಾ?" ಎಂದು ಕೊಳವೆ ಕಸಿದುಕೊಂಡಳು. ಅಂದಿನಿಂದ ಅದು ಅವಳ ಕೆಲಸವಾಯಿತು. ದಿಂಬು ಎತ್ತರಿಸಿ, ಮಡಿಲ ಮೇಲೆ ಹಲಗೆ ಇಟ್ಟು, ಹಲಗೆಯ ಮೇಲೆ ಹಸಿ ಅಚ್ಚು ಇಟ್ಟರೆ, ಅಮ್ಮ ಅದರ ಮೇಲೆ ಬಾಗಿ ಒಂದೊಂದೇ ಗುಳ್ಳೆಯನ್ನು ಬೇಟೆಯಾಡುತ್ತಿದ್ದಳು. ಉಸಿರು ಬಿಡುವುದು, ಎಳೆದುಕೊಳ್ಳುವುದು, ಬಿಡುವುದು. ಒಂದೊಂದು ಅಚ್ಚಿಗೆ ಕಾಲು ಗಂಟೆ. ಎರಡು ವರ್ಷ.

ಆ ಬಾಟಲಿಗಳ ಮೇಲೆ ಒಂದು ಚಿತ್ರವಿತ್ತು. ಮುಖಕ್ಕೆ ಮಾಸ್ಕ್ ಹಾಕಿದ ತಲೆ, ಪಕ್ಕದಲ್ಲಿ ತೆರೆದ ಕಿಟಕಿ. ಪುಟ್ಟಿ ಅದನ್ನು ನೋಡಿದ್ದಳು. ಗಾಳಿ ಸೋಸುವ ಎರಡು ಡಬ್ಬಿಯ ಮಾಸ್ಕನ್ನೂ ಕೈಗವಸನ್ನೂ ತರಿಸಿಕೊಂಡು ಒಂದು ದಿನವೂ ತಪ್ಪದೆ ಹಾಕಿಕೊಂಡಿದ್ದಳು. ಮಾಸ್ಕ್ ಹಾಕಿಕೊಂಡರೆ ಕೊಳವೆ ಊದಲಾಗದು, ಆದ್ದರಿಂದ ಅಮ್ಮನಿಗೆ ಹಾಕಲಿಲ್ಲ. ಇಷ್ಟು ಸರಳ. ಪಾಪ ಮಾಡಲು ಪಾಪಿಯೇ ಆಗಬೇಕಿಲ್ಲ ಎಂಬುದು ಪುಟ್ಟಿಗೆ ಆಮೇಲೆ ಗೊತ್ತಾಯಿತು, ಆದರೆ ಆ ಮಾತಿನಿಂದ ಅವಳಿಗೆ ಎಳ್ಳಷ್ಟೂ ಸಮಾಧಾನ ಸಿಗಲಿಲ್ಲ.

ಎರಡನೆಯ ಚಳಿಗಾಲದಲ್ಲಿ ಕೆಮ್ಮು ಬಂತು. ಒಣ ಕೆಮ್ಮು, ಶೀತ ಎಂದರು. ಬೇಸಿಗೆಯಲ್ಲಿ ಕಿಟಕಿ ತೆರೆದಿದ್ದಾಗ ತಗ್ಗಿತು. ಮೂರನೆಯ ಚಳಿಗಾಲಕ್ಕೆ ಮತ್ತೆ ಬಂತು, ಈ ಸಲ ಉಬ್ಬಸವನ್ನೂ ಜೊತೆಗೆ ಕರೆದುಕೊಂಡು ಬಂತು. ಆಗಲೇ ಎದೆರೋಗದ ಡಾಕ್ಟರ ಬಳಿ ಹೋದದ್ದು. ಅವರು ಎದೆಯ ಚಿತ್ರ ತೆಗೆಸಿ, ಬೆಳಕಿಗೆ ಹಿಡಿದು, ಏನೋ ಒಂದು ಗಾಳಿಯ ಜೊತೆ ಒಳಗೆ ಹೋಗಿ ಶ್ವಾಸಕೋಶವನ್ನು ಕೆರಳಿಸುತ್ತಿದೆ, ಅದೇನೆಂದು ತಿಳಿದರೆ ಅರ್ಧ ಗೆದ್ದಂತೆ ಎಂದರು. ಆಮೇಲೆ ಆ ಪ್ರಶ್ನೆ ಕೇಳಿದರು. ಅಮ್ಮ ಆ ಉತ್ತರ ಕೊಟ್ಟಳು. ಡಾಕ್ಟರು ಸ್ವಲ್ಪ ಯೋಚಿಸಿ, "ಒಂದು ತಿಂಗಳು ಬೇರೆ ಯಾರದ್ದಾದ್ರೂ ಮನೇಲಿ ಇಟ್ಟು ನೋಡಿ. ಅಲ್ಲಿ ಕೆಮ್ಮು ತಗ್ಗಿದ್ರೆ ತೊಂದ್ರೆ ನಿಮ್ಮನೆ ಗಾಳೀಲಿದೆ ಅಂತಾಯ್ತು," ಎಂದರು.

"ನಾನು ಎಲ್ಲಿಗೂ ಹೋಗಲ್ಲ. ನನ್ನ ಮಂಚ ಬಿಟ್ಟು ನನಗೆ ನಿದ್ದೆ ಬರಲ್ಲ," ಎಂದಳು ಅಮ್ಮ.

ಟ್ಯಾಕ್ಸಿಯಲ್ಲಿ ಪುಟ್ಟಿ ಸಿಡುಕಿದಳು. "ಯಾಕಮ್ಮ ಸುಳ್ಳು ಹೇಳಿದೆ?"

"ನೀನು ಯಾಕೆ ಸುಮ್ಮನಿದ್ದೆ?"

ಅದಕ್ಕೆ ಪುಟ್ಟಿಯ ಬಳಿ ಉತ್ತರ ಇತ್ತು, ಹೇಳುವಂಥದ್ದಾಗಿರಲಿಲ್ಲ. ನಿಜ ಹೇಳಿದರೆ ಬಾಟಲಿಗಳನ್ನು ಎತ್ತಿ ಹೊರಗೆ ಹಾಕಬೇಕಿತ್ತು. ಬದುಕಿನಲ್ಲಿ ಮೊದಲ ಬಾರಿ ತನ್ನದು ಎನ್ನುವಂಥದ್ದೊಂದು ಸಿಕ್ಕಿತ್ತು, ಅದನ್ನು ಬಿಟ್ಟುಕೊಡಲು ಅವಳಿಗೆ ಮನಸ್ಸಿರಲಿಲ್ಲ. ಡಾಕ್ಟರು ಹೇಗೂ ಮಾತ್ರೆ ಕೊಟ್ಟಿದ್ದಾರಲ್ಲ, ಕಡಿಮೆಯಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಆದರೂ ಹೆದರಿಕೆ ಹೆದರಿಕೆಯೇ. ಮನೆಗೆ ಬಂದವಳೇ ಅಚ್ಚು, ಬಾಟಲಿ, ತಕ್ಕಡಿ ಎಲ್ಲವನ್ನೂ ಹಿಂದಿನ ಕೋಣೆಗೆ ಸಾಗಿಸಿ, ಅಮ್ಮನ ಕಿಟಕಿಯನ್ನು ಒಂದು ಬೆರಳಷ್ಟು ತೆರೆದಿಟ್ಟಳು. ಅಮ್ಮ ನೋಡಿದಳು, ಬೇಡ ಎನ್ನಲಿಲ್ಲ.

ಆಮೇಲಿನ ಹತ್ತು ದಿನ ಅಮ್ಮ ತುಟಿ ಪಿಟಕ್ಕೆನ್ನಲಿಲ್ಲ. ಊಟ ಅರ್ಧಕ್ಕೆ ಬಿಡುತ್ತಿದ್ದಳು. ಫೋನು ದಿಂಬಿನ ಪಕ್ಕವೇ ಬೇಕು ಎಂದಷ್ಟೇ ಹೇಳಿದಳು, ಪುಟ್ಟಿ ಕೊಟ್ಟಳು. ಪುಟ್ಟಿ ಕೋಣೆಗೆ ಬಂದರೆ ಗೋಡೆಯ ಕಡೆ ತಿರುಗಿಕೊಳ್ಳುತ್ತಿದ್ದಳು. ಕೆಲಸ ಕಿತ್ತುಕೊಂಡದ್ದಕ್ಕೆ ಮ್ಯಾನೇಜರಮ್ಮನಿಗೆ ಮುನಿಸು ಎಂದು ಪುಟ್ಟಿ ತಿಳಿದಳು. ಕೆಮ್ಮು ಮಾತ್ರ ಒಂದು ಗೆರೆಯಷ್ಟು ತಗ್ಗಿತ್ತು. ಅದೂ ಪುಟ್ಟಿಯ ಕಣ್ಣಿಗೆ ಬಿದ್ದಿತ್ತು, ನೆನಪಿಡಿ.

ಇತ್ತ ಹಿಂದಿನ ಕೋಣೆಯ ಚಳಿಯಲ್ಲಿ ರೆಸಿನ್ ಮತ್ತೆ ಹಟ ಹಿಡಿಯಿತು. ಮೂರು ಅಚ್ಚು ಅಂಟಾಗಿ ಹಾಳಾದವು. ಅವುಗಳಲ್ಲೊಂದು, ಮಗಳನ್ನು ಕಳೆದುಕೊಂಡ ಒಬ್ಬ ತಂದೆ ತಂದುಕೊಟ್ಟ ಡೇಲಿಯಾ. ಅಂಥ ಹೂವು ಇನ್ನೊಂದಿಲ್ಲ. ಹತ್ತನೆಯ ದಿನ ಬೆಳಗ್ಗೆ ಪುಟ್ಟಿ ಅಂಟಿನ ಮುದ್ದೆಯನ್ನು ಕೈಯಲ್ಲಿ ಹಿಡಿದು ಅಮ್ಮನ ಬಾಗಿಲಲ್ಲಿ ನಿಂತು ಅತ್ತಳು.

ಅಮ್ಮ ಈ ಕಡೆ ತಿರುಗಿದಳು. ಬಹಳ ಹೊತ್ತು ಮಗಳ ಮುಖ ನೋಡಿದಳು. "ತಗೊಂಡು ಬಾ ಎಲ್ಲಾನೂ," ಎಂದಳು. "ಕಿಟಕಿ ಮುಚ್ಚು, ಚಳಿ ಬರ್ತಿದೆ. ಸುಮ್ಮನೆ ಬಿದ್ದಿದ್ದು ಬೇಜಾರಾಗಿದೆ ನನಗೆ. ಕೊಳವೆ ಎಲ್ಲಿಟ್ಟಿದೀಯ?"

ಪುಟ್ಟಿಗೆ ಎಷ್ಟು ನಿರಾಳವಾಯಿತೆಂದರೆ, ಆ ನಿರಾಳವನ್ನು ನೆನೆಸಿಕೊಂಡಾಗಲೆಲ್ಲ ಅವಳಿಗೆ ಈಗಲೂ ಹೇಸಿಗೆಯಾಗುತ್ತದೆ. ಬೇಡಮ್ಮ ಎಂದು ಬಾಯಿಮಾತಿಗೂ ಅನ್ನಲಿಲ್ಲ. ಅರ್ಧ ಗಂಟೆಯಲ್ಲಿ ಸಾಮಾನೆಲ್ಲ ವಾಪಸು ಬಂತು.

ಮೂರು ತಿಂಗಳು. ಮೊದಲ ತಿಂಗಳು ಅಮ್ಮ ದಿನಕ್ಕೆರಡು ಅಚ್ಚು ಊದಿದಳು. ಎರಡನೆಯ ತಿಂಗಳು ಒಂದು, ಅದೂ ನಡುನಡುವೆ ನಿಲ್ಲಿಸಿ. ಒಂದು ದಿನ ಕೊಳವೆ ಬಾಯಿಯಲ್ಲಿಟ್ಟವಳು ಊದಲಾಗದೆ ಕೆಮ್ಮಿದಳು, ಹಲಗೆ ಮಗುಚಿ ಹಸಿ ರೆಸಿನ್ ಹೊದಿಕೆಯ ಮೇಲೆಲ್ಲ ಚೆಲ್ಲಿತು. "ಸಾರಿ ಕಣೇ," ಎಂದಳು ಅಮ್ಮ. ಎಪ್ಪತ್ತನಾಲ್ಕು ವರ್ಷದಲ್ಲಿ ಅವಳು ಮಕ್ಕಳಿಗೆ ಸಾರಿ ಹೇಳಿದ್ದು ಅದೊಂದೇ ಸಲ. ಆ ಮಧ್ಯಾಹ್ನವೇ ಪುಟ್ಟಿ ಎಲ್ಲ ಬಾಟಲಿಗಳನ್ನೂ ಹಿತ್ತಲಿಗೆ ಎಸೆದು, ಡಾಕ್ಟರಿಗೆ ಫೋನ್ ಮಾಡಿ ನಿಜ ಹೇಳಿದಳು. "ಆವತ್ತೇ ಹೇಳಿದ್ರೆ ಚೆನ್ನಾಗಿರ್ತಿತ್ತು," ಎಂದರು ಡಾಕ್ಟರು, ಬೈಯಲೂ ಇಲ್ಲ. ಆಸ್ಪತ್ರೆಯಲ್ಲಿ ಆಮ್ಲಜನಕದ ಕೊಳವೆ ಹಾಕಿದರು. ಇಪ್ಪತ್ತಮೂರನೆಯ ದಿನ ಬೆಳಗ್ಗೆ, ದಾದಿ ಹಾಸಿಗೆಯ ಬಟ್ಟೆ ಬದಲಿಸುತ್ತಿದ್ದಾಗ, ಅಮ್ಮ ಹೋದಳು.

ಅಕ್ಕ ಬಂದಳು, ಅತ್ತಳು, ಬಂದವರಿಗೆ ಕುರ್ಚಿ ಹಾಕಿಸಿದಳು. ಪುಟ್ಟಿಯ ಬೆನ್ನು ಸವರಿ, "ನೀನು ಅವಳನ್ನ ಹೂವಿನ ಹಾಗೆ ನೋಡ್ಕೊಂಡೆ," ಎಂದು ಹತ್ತು ಜನರ ಮುಂದೆ ಹೇಳಿದಳು. ಪುಟ್ಟಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಅಂತ್ಯಕ್ರಿಯೆ ಮುಗಿದು ನಾಲ್ಕನೆಯ ದಿನ ಅಕ್ಕ ಮತ್ತೆ ಬಂದಳು, ಒಬ್ಬಳೇ. ಅಡುಗೆಮನೆಯ ಮೇಜಿನ ಮೇಲೆ ಒಂದು ಡಬ್ಬಿ ಇಟ್ಟು ಮುಚ್ಚಳ ತೆಗೆದಳು. ಒದ್ದೆ ಬಟ್ಟೆಯಲ್ಲಿ ಸುತ್ತಿದ ಎರಡು ಬಿಳಿ ಗುಲಾಬಿ. "ಕಳಿಸಿಕೊಡೋಕೆ ಮುಂಚೆ ಅಮ್ಮನ ಎದೆ ಮೇಲಿಂದ ತಗೊಂಡಿದ್ದೆ. ಫ್ರಿಜ್ಜಲ್ಲಿ ಇಟ್ಟಿದ್ದೆ. ನಿನ್ನ ಆ ಗಾಜಿನ ಥರದ್ದು ಮಾಡ್ತೀಯಲ್ಲ, ಅದರಲ್ಲಿ ಹಾಕಿಕೊಡೇ. ಒಂದು ನನಗೆ, ಒಂದು ನಿನಗೆ."

ಪುಟ್ಟಿ ಕುರ್ಚಿ ಎಳೆದುಕೊಂಡು ಕುಳಿತಳು. ಇಷ್ಟು ದಿನ ಎದೆಯೊಳಗೆ ಕಟ್ಟಿಕೊಂಡಿದ್ದದ್ದು ಇನ್ನು ಒಂದು ನಿಮಿಷವೂ ನಿಲ್ಲುವಂತಿರಲಿಲ್ಲ. "ಅಕ್ಕಾ, ಅಮ್ಮನ್ನ ಕೊಂದಿದ್ದೇ ಅದು," ಎಂದಳು. ಶುರು ಮಾಡಿದ ಮೇಲೆ ಎಲ್ಲವನ್ನೂ ಹೇಳಿದಳು. ಬೆಚ್ಚನೆಯ ಕೋಣೆ, ಹಲಗೆ, ಕೊಳವೆ. "ನಾನು ಮಾಸ್ಕ್ ಹಾಕ್ಕೊಂಡಿದ್ದೆ ಅಕ್ಕ. ಅವಳಿಗೆ ಹಾಕಲಿಲ್ಲ. ಡಾಕ್ಟರು ಕೇಳಿದಾಗ ಅವಳು ಸುಳ್ಳು ಹೇಳಿದ್ಲು, ನಾನು ಸುಮ್ಮನಿದ್ದೆ. ಹೊಡಿ ನನಗೆ, ಹೊಡೆದುಬಿಡು."

ಅಕ್ಕ ಹೊಡೆಯಲಿಲ್ಲ. ಬೆಚ್ಚಿಬೀಳಲೂ ಇಲ್ಲ. ಒದ್ದೆ ಬಟ್ಟೆಯ ಅಂಚಿನಿಂದ ಒಂದು ನೂಲು ಎಳೆಯುತ್ತ ಕುಳಿತಳು. "ಗೊತ್ತು," ಎಂದಳು ಕೊನೆಗೆ.

"ಏನು ಗೊತ್ತು?"

"ಅಮ್ಮ ಹೇಳಿದ್ಲು. ಡಾಕ್ಟರ ಹತ್ರ ಹೋಗಿ ಬಂದ ದಿನವೇ ಫೋನ್ ಮಾಡಿದ್ಲು. 'ಪುಟ್ಟಿ ಕೆಲಸದ ಗಾಳಿ ನನಗೆ ಆಗ್ತಿಲ್ಲ ಅಂತ ಕಾಣುತ್ತೆ. ನಾನು ಹಾಗಂದ್ರೆ ಅವಳು ಅದನ್ನ ಬಿಟ್ಟುಬಿಡ್ತಾಳೆ, ಅವಳಿಗಿರೋದು ಅದೊಂದೇ. ಬೇರೆ ಕಡೆ ಇದ್ರೆ ಗುಣ ಆಗಬಹುದು ಅಂದಿದಾರೆ ಡಾಕ್ಟ್ರು. ನಾನು ಒಂದು ತಿಂಗಳು ನಿನ್ನ ಮನೆಗೆ ಬರ್ಲಾ?' ಅಂತ ಕೇಳಿದ್ಲು."

ಪುಟ್ಟಿಗೆ ಮಾತು ಕೇಳಿಸಿತು, ಅರ್ಥವಾಗಲು ಹೊತ್ತು ಹಿಡಿಯಿತು. ಎಲ್ಲಿಗೂ ಹೋಗುವುದಿಲ್ಲ ಎಂದವಳು ಅಮ್ಮ. "ನೀನೇನಂದೆ?"

"ನೋಡೋಣ ಅಂದೆ."

"ಆಮೇಲೆ?"

"ನಮ್ಮ ಮನೇಲೂ ನೂರೆಂಟು ಇತ್ತು ಪುಟ್ಟಿ. ಇವರ ತಮ್ಮ ಬಂದು ಕೂತಿದ್ದ. ಮಂಚ ಹಾಕೋಕೆ ಜಾಗ ಇರಲಿಲ್ಲ. ಅಮ್ಮಂಗೂ ನನಗೂ ಎಣ್ಣೆ ಸೀಗೆಕಾಯಿ, ನಿನಗೇ ಗೊತ್ತಲ್ಲ." ಅಕ್ಕ ನೂಲನ್ನು ಬೆರಳಿಗೆ ಸುತ್ತಿಕೊಂಡಳು. "ಮತ್ತೆ ಮೂರು ನಾಲ್ಕು ಸಲ ಮಾಡಿದ್ಲು. ನಾನು ಎತ್ತಲಿಲ್ಲ. ಒಂದು ವಾರ ಹತ್ತು ದಿನ ಆದ್ಮೇಲೆ ಮಾಡೋದು ನಿಲ್ಲಿಸಿದ್ಲು. ಕೆಮ್ಮು ಕಡಿಮೆ ಆಗಿರಬೇಕು ಅಂದ್ಕೊಂಡೆ."

ಪುಟ್ಟಿ ಮೇಜಿನ ಅಂಚು ಹಿಡಿದುಕೊಂಡಳು. ಗೋಡೆಯ ಕಡೆ ತಿರುಗಿ ಮಲಗಿದ ಆ ಹತ್ತು ದಿನ ಅಮ್ಮ ಮುನಿಸಿಕೊಂಡಿರಲಿಲ್ಲ, ಕಾಯುತ್ತಿದ್ದಳು. ಅವಳಿಗೆ ಬದುಕುವ ಆಸೆಯಿತ್ತು. ಒಬ್ಬ ಮಗಳ ಮನೆಯಿಂದ ಇನ್ನೊಬ್ಬ ಮಗಳ ಮನೆಗೆ ಹೋಗಿ ಬದುಕಿಕೊಳ್ಳುತ್ತೇನೆ ಎಂದು ಕೇಳಿದ್ದಳು, ಉತ್ತರ ಬರಲಿಲ್ಲ. ಬಾರದೆ ಇದ್ದಾಗ, ಬಾಗಿಲಲ್ಲಿ ಅಳುತ್ತ ನಿಂತ ಈ ಮಗಳನ್ನು ನೋಡಿ, ಬೇಜಾರು ಎಂಬ ನೆಪ ಹೇಳಿ ಮತ್ತೆ ಊದಲು ಕುಳಿತಳು. ಅಮ್ಮನಿಗೆ ಆ ಕೆಲಸ ಇಷ್ಟವಿತ್ತು, ಇಷ್ಟಪಟ್ಟೇ ಮಾಡಿದಳು ಎಂಬ ಒಂದು ಹುಲ್ಲುಕಡ್ಡಿಯನ್ನು ಪುಟ್ಟಿ ಇಷ್ಟು ದಿನ ಹಿಡಿದುಕೊಂಡಿದ್ದಳು. ಈಗ ಅದೂ ಕೈತಪ್ಪಿತು.

ಅಕ್ಕನ ಜುಟ್ಟು ಹಿಡಿದು ಬೀದಿಗೆ ಎಳೆಯಬೇಕು ಎನ್ನುವಷ್ಟು ಸಿಟ್ಟು ಬಂತು. ಆದರೆ ಯಾವ ಮುಖ ಇಟ್ಟುಕೊಂಡು ಎಳೆಯುವುದು? ಒಬ್ಬಳು ಬಾಯಿ ಮುಚ್ಚಿಕೊಂಡಿದ್ದಳು, ಇನ್ನೊಬ್ಬಳು ಫೋನ್ ಎತ್ತಲಿಲ್ಲ. ಇಬ್ಬರಲ್ಲಿ ಯಾರೊಬ್ಬರು ಒಂದು ಮಾತಾಡಿದ್ದರೂ ಅಮ್ಮ ಇಂದು ಯಾರದೋ ಮನೆಯಲ್ಲಿ ದಿಂಬಿಗೆ ಒರಗಿ ಯಾರನ್ನಾದರೂ ಗದರುತ್ತಿದ್ದಳು.

"ಯಾರಿಗೂ ಹೇಳಬೇಡ," ಎಂದಳು ಅಕ್ಕ. "ನಾನೂ ಹೇಳಲ್ಲ." ಡಬ್ಬಿಯನ್ನು ಮುಂದಕ್ಕೆ ತಳ್ಳಿದಳು. "ಇದನ್ನ ಮಾಡಿಕೊಡ್ತೀಯಾ? ಹೊರಗಡೆ ಕೂತು ಮಾಡು, ಗಾಳೀಲಿ. ನನಗೆ ಅವಳದ್ದು ಅಂತ ಏನೂ ಇಲ್ಲ ಪುಟ್ಟಿ."

ಪುಟ್ಟಿ ಒಂದು ಗುಲಾಬಿಯನ್ನು ಎತ್ತಿಕೊಂಡಳು. ಕೈ ತಾನಾಗಿ ಕೆಲಸದವಳ ಕೈಯಾಯಿತು. ಎಸಳನ್ನು ಎರಡು ಬೆರಳ ನಡುವೆ ಹಿಡಿದು ನೋಡಿದಳು, ತೊಟ್ಟಿನ ಬುಡ ಒತ್ತಿದಳು. ಬೆರಳಿಗೆ ಕಂದು ನೀರು ಅಂಟಿತು. ನಾಲ್ಕೈದು ದಿನ ಒದ್ದೆ ಬಟ್ಟೆಯಲ್ಲಿ ನೆನೆದ ಹೂವು ಹೊರಗೆ ಬೆಳ್ಳಗಿದ್ದರೂ ಒಳಗೆ ಮುಗಿದುಹೋಗಿತ್ತು.

"ಆಗಲ್ಲ," ಎಂದಳು.

"ಸಿಟ್ಟಿಗೆ ಹೇಳ್ತಿದೀಯ."

"ಸಿಟ್ಟಿಗಲ್ಲ. ಒದ್ದೆ ಬಟ್ಟೆಯಲ್ಲಿ ಸುತ್ತಬಾರದಿತ್ತು. ನೀರು ಕುಡಿದುಬಿಟ್ಟಿದೆ. ಒಳಗೆ ಹಾಕಿದ್ರೆ ಒಂದು ತಿಂಗಳಲ್ಲಿ ಕಪ್ಪಾಗುತ್ತೆ, ಆಮೇಲೆ ತೆಗೆಯೋಕೂ ಬರಲ್ಲ, ಮುಚ್ಚಿಡೋಕೂ ಬರಲ್ಲ. ಆವತ್ತೇ ತಂದುಕೊಟ್ಟಿದ್ರೆ ಆಗ್ತಿತ್ತು."

"ಹಾಗಾದ್ರೆ ಏನು ಮಾಡೋದು?"

"ಬಿಸಾಕೋದು."

ಅಕ್ಕ ಬಿಸಾಕಲಿಲ್ಲ. ಡಬ್ಬಿಯನ್ನು ಮಡಿಲಿಗೆ ಎಳೆದುಕೊಂಡು, ಐವತ್ತೆರಡು ವರ್ಷದ ದೊಡ್ಡ ಹೆಂಗಸು, ಬಾಯಿ ತೆರೆದು ಅತ್ತಳು. ಸಾವಿನ ಮನೆಯಲ್ಲಿ ನಾಲ್ಕು ಜನರ ಮುಂದೆ ಅತ್ತ ಅಳು ಅದಾಗಿರಲಿಲ್ಲ. ಪುಟ್ಟಿ ಎದುರಿಗೆ ಕುಳಿತು ನೋಡುತ್ತಿದ್ದಳು. ಅವಳ ಕೈ ಹಿಡಿಯಲು ಮನಸ್ಸಾಗಲಿಲ್ಲ, ಎದ್ದು ಹೋಗಲೂ ಆಗಲಿಲ್ಲ. ಇನ್ನು ಬದುಕಿರುವಷ್ಟು ದಿನ ಈ ವಿಷಯ ಮಾತಾಡಲು ಅವಳಿಗೆ ಇವಳು, ಇವಳಿಗೆ ಅವಳು, ಇಬ್ಬರೇ.